ದೆಹಲಿಗೆ ಮೊದಲ ಸಲ ಹೋಗುವವರು ದಾರಿ ತಪ್ಪದೆ ಓಡಾಡುವುದು ಹೇಗೆ?

ಇಡೀ ದೆಹಲಿಯ ನಕ್ಷೆಯನ್ನು ತಲೆಯಲ್ಲಿ ತುಂಬಿಕೊಳ್ಳಲು ಹೋಗಬೇಡಿ. ಮೆಟ್ರೋದ ಹಳದಿ ಮಾರ್ಗವೊಂದನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು. ಉತ್ತರದಿಂದ ದಕ್ಷಿಣಕ್ಕೆ ಕಾಶ್ಮೀರಿ ಗೇಟ್, ಚಾಂದನಿ ಚೌಕ್, ನವದೆಹಲಿ ರೈಲು ನಿಲ್ದಾಣ, ರಾಜೀವ್ ಚೌಕ್, ಸೆಂಟ್ರಲ್ ಸೆಕ್ರೆಟರಿಯೇಟ್, ಕುತುಬ್ ಮಿನಾರ್ ಎಲ್ಲವೂ ಅದರಲ್ಲೇ ಬರುತ್ತವೆ. ಹೆಸರು ಕುತುಬ್ ಮಿನಾರ್ ಅಂತ ಇದ್ದರೂ ಮಿನಾರು ಸ್ಟೇಷನ್ ಎದುರಿಗಿಲ್ಲ, ಆಟೋ ಬೇಕಾಗುತ್ತದೆ. ಕೆಂಪು ಕೋಟೆ, ಜಾಮಾ ಮಸೀದಿಗೆ ನೇರಳೆ ಮಾರ್ಗ ಹಿಡಿಯಿರಿ. ಕೋಟೆಗೆ ಸೋಮವಾರ ರಜೆ.

ರೈಲಿನಲ್ಲಿ ಬರುವವರು ಟಿಕೆಟ್‌ನಲ್ಲಿರುವ ನಿಲ್ದಾಣದ ಹೆಸರನ್ನು ಎರಡು ಸಲ ಓದಿ. ಬೆಂಗಳೂರಿನ ಕರ್ನಾಟಕ ಎಕ್ಸ್‌ಪ್ರೆಸ್ ನವದೆಹಲಿಗೆ ಬರುತ್ತದೆ, ರಾಜಧಾನಿ ಎಕ್ಸ್‌ಪ್ರೆಸ್ ಹಜರತ್ ನಿಜಾಮುದ್ದೀನ್ ನಿಲ್ದಾಣಕ್ಕೆ. ಎರಡೂ ಬೇರೆ ಬೇರೆ ಜಾಗ. ನವದೆಹಲಿಯಲ್ಲಿ ಇಳಿದರೆ ಅಜ್ಮೇರಿ ಗೇಟ್ ಕಡೆ ಹೊರಬನ್ನಿ, ಮೆಟ್ರೋ ಇರುವುದು ಆ ಕಡೆ. ಅದರ ವಿರುದ್ಧ ದಿಕ್ಕಿನ ಪಹಾಡ್‌ಗಂಜ್ ಕಡೆ ಹೋದರೆ ಲಗೇಜ್ ಹೊತ್ತುಕೊಂಡು ಸುಮ್ನೆ ಸುತ್ತಬೇಕು. ವಿಮಾನದಲ್ಲಿ ಬಂದರೆ ಟರ್ಮಿನಲ್ 3ರಿಂದ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮೆಟ್ರೋ ಸುಮಾರು 20 ನಿಮಿಷದಲ್ಲಿ ನವದೆಹಲಿ ಮುಟ್ಟಿಸುತ್ತದೆ.

ನನ್ನ ಪ್ರಕಾರ ಜನ ಜಾಸ್ತಿ ಗೊಂದಲ ಮಾಡಿಕೊಳ್ಳುವುದು ನಗರದ ನಡುವಿನ ಅಂಗಡಿ ಬೀದಿಗಳ ಜಾಗವಾದ ಕನಾಟ್ ಪ್ಲೇಸ್‌ನಲ್ಲಿ. ರಾಜೀವ್ ಚೌಕ್ ಸ್ಟೇಷನ್ ಅದರ ಕೆಳಗೇ ಇದೆ. ಮೇಲೆ ಬಂದರೆ ಬಳೆಯಂತೆ ದುಂಡಗಿನ ರಸ್ತೆಗಳು, ಎಲ್ಲೆಲ್ಲೂ ಒಂದೇ ಥರದ ಬಿಳಿ ಕಂಬಗಳು. ಅಲ್ಲಿ ಎಡ, ಬಲ ಕೆಲಸಕ್ಕೆ ಬರಲ್ಲ, ಬ್ಲಾಕ್‌ನ ಅಕ್ಷರ ನೋಡಬೇಕು. ಒಳವೃತ್ತದಲ್ಲಿ ಎ ಇಂದ ಎಫ್‌ವರೆಗೆ ಬ್ಲಾಕ್‌ಗಳಿವೆ. ಯಾರನ್ನಾದರೂ ಭೇಟಿ ಮಾಡುವುದಿದ್ದರೆ "ಮೆಟ್ರೋ ಹತ್ತಿರ ಸಿಗೋಣ" ಅನ್ನಬೇಡಿ. ಗೇಟ್ ನಂಬರ್ ಹೇಳಿ.