ಕನಸಿನ ಪುಸ್ತಕದೊಳಗೆ ಲಾರಿ ಹೇಗೆ ಬಂತು?

ಇವರನ್ನು ವನಜಾ ಎಂದು ಕರೆಯೋಣ. ನಿಜವಾದ ಹೆಸರಲ್ಲ. ಕೆಲಸ, ಮನೆಯವರ ವಿವರ, ಇನ್ನೂ ಕೆಲವು ಸಂಗತಿಗಳನ್ನೂ ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೇ ಓದಲು ಕೊಟ್ಟು ಒಪ್ಪಿಗೆ ಪಡೆದಿದ್ದೇನೆ. ಹಿಂದಿನ ಜನ್ಮ ನೆನಪಾಗ್ತಿದೆ ಎಂದು ಬರುವವರು ಬೇರೆಯವರೂ ಇದ್ದಾರೆ. ಆಪ್ತಸಮಾಲೋಚನೆಗೆ ಅಂತ ನನ್ನ ಹತ್ತಿರ ಬರುವಷ್ಟರಲ್ಲಿ ಅವರಲ್ಲಿ ಹಲವರು ದುಡ್ಡು, ನಿದ್ದೆ ಎರಡೂ ಕಳೆದುಕೊಂಡಿರುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ವನಜಾಗೆ 36 ವರ್ಷ. ಬೆಂಗಳೂರಿನಲ್ಲಿ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಗಂಡ, 4 ವರ್ಷದ ಮಗಳು. ಕರೆದುಕೊಂಡು ಬಂದವರು ಗಂಡ. ಅವರನ್ನು ಹೊರಗೆ ಕೂರಿಸಿ ವನಜಾ ಮೂರು ಉದ್ದ ನೋಟ್‌ಬುಕ್ ಮೇಜಿನ ಮೇಲಿಟ್ಟರು. "ಇದರಲ್ಲಿ ನನ್ನ ಹಿಂದಿನ ಜನ್ಮ ಇದೆ ಮೇಡಂ. ನಂಬದಿದ್ರೂ ಪರವಾಗಿಲ್ಲ, ಹುಚ್ಚು ಅಂತ ಮಾತ್ರ ಅನ್ಬೇಡಿ" ಅಂದರು.

ಮೊದಲ ನೋಟ್‌ಬುಕ್‌ನಲ್ಲಿ ಇದ್ದದ್ದು ಕನಸಿನಲ್ಲಿ ಕಂಡದ್ದರ ತುಂಡು ತುಂಡು ಸಾಲುಗಳು. ‘ಜಗಲಿ. ಅಂಗಳದ ತುಂಬ ಅಡಿಕೆ. ನೀರು ಮೆಟ್ಟಿಲು ಹತ್ತುತ್ತಾ ಇದೆ, ಸದ್ದೇ ಇಲ್ಲ.’ ಇನ್ನೊಂದು ಕಡೆ, ‘ಹಸಿರು ಬಳೆ ಹಾಕಿದ ಕೈ ನನ್ನ ಮುಖ ಒರೆಸುತ್ತೆ. ಕೂಸೇ ಅಂತ ಯಾರೋ ಕರೀತಾರೆ.’ ಮತ್ತೊಂದು ಪುಟದಲ್ಲಿ, ‘ಲಾರಿ. ಅವಳು ಜಗಲಿ ಮೇಲೇ ನಿಂತಿದ್ದಾಳೆ. ಕೂಗ್ತೀನಿ, ದನಿ ಬರಲ್ಲ.’ ನಿದ್ದೆಗಣ್ಣಲ್ಲಿ ಬರೆದದ್ದು, ಅಕ್ಷರಗಳು ಒಂದರ ಮೇಲೊಂದು ಹತ್ತಿವೆ. ಮೂರನೇ ನೋಟ್‌ಬುಕ್‌ಗೆ ಬಂದರೆ ಅಕ್ಷರ ದುಂಡಗೆ, ಕಥೆಗೆ ಮೊದಲು ಕೊನೆ ಎಲ್ಲ ಇದೆ. ಇಸವಿ 1890. ಆಕೆಗೆ ಒಂದು ಹೆಸರಿದೆ. ಗಂಡನಿದ್ದಾನೆ, ಕಾಡುವ ಅತ್ತೆಯಿದ್ದಾಳೆ, ಹೊಳೆಗೆ ಬಿದ್ದು ಸತ್ತ ದಿನ ಕೂಡ ಬರೆದಿದೆ.

ಈ ಎರಡರ ನಡುವೆ ಆದದ್ದು ಇದು. ಯಾರೋ ಹೇಳಿದರು ಅಂತ ವನಜಾ ಪಾಸ್ಟ್ ಲೈಫ್ ರಿಗ್ರೆಷನ್, ಅಂದರೆ ಸಮ್ಮೋಹನ ಮಾಡಿ ಹಿಂದಿನ ಜನ್ಮ ನೆನಪಿಸುತ್ತೇವೆ ಎನ್ನುವವರೊಬ್ಬರ ಹತ್ತಿರ ಹೋಗಿದ್ದರು. ಮಲಗಿಸಿ, ಕಣ್ಣು ಮುಚ್ಚಿಸಿ, "ನಿಮ್ಮ ಕಾಲು ನೋಡಿಕೊಳ್ಳಿ, ಏನು ಹಾಕಿದೀರಿ? ಇದು ಯಾವ ಕಾಲ? ಆ ನೀರಿನಲ್ಲಿ ನಿಮಗೆ ಏನಾಯ್ತು?" ಎಂದು ಕೇಳುತ್ತಾ ಹೋದರಂತೆ. ಒಂದೊಂದು ಸಲಕ್ಕೂ ಸಾವಿರಾರು ರೂಪಾಯಿ. ಕೊನೆಗೆ ‘ನೀವು ನೀರಿನಲ್ಲಿ ಸತ್ತವರು, ಆ ಗಂಡ ಈಗಲೂ ಎಲ್ಲೋ ಹುಟ್ಟಿ ಬಂದಿದ್ದಾನೆ’ ಎಂದು ಕಳಿಸಿದರಂತೆ. ಮನೆಗೆ ಬಂದ ವನಜಾ ಈ ಗಂಡನ ಜೊತೆ ಮಾತು ಕಡಿಮೆ ಮಾಡಿದರು. ಕೆಲಸ ಬಿಟ್ಟು ಆ ಮನೆ ಹುಡುಕಿಕೊಂಡು ಹೊರಡುವ ಯೋಚನೆಯೂ ಇತ್ತು.

ನಾನು ಮೊದಲು ಕೇಳಿದ್ದು ಕನಸಿನ ಬಗ್ಗೆ ಅಲ್ಲ, ನಿದ್ದೆಯ ಬಗ್ಗೆ. ಕನಸು ಮರೆತುಹೋಗಬಾರದು ಅಂತ ರಾತ್ರಿ ಎರಡಕ್ಕೆ, ಮೂರೂವರೆಗೆ, ಐದಕ್ಕೆ ಅಲಾರಾಂ ಇಟ್ಟುಕೊಳ್ಳುತ್ತಿದ್ದರು! ತಿಂಗಳುಗಟ್ಟಲೆ. ಇದು ಎಷ್ಟು ಮುಖ್ಯ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ನಮ್ಮ ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ನಡೆಯುತ್ತೆ. ಪ್ರತಿ ಸುತ್ತಿನ ಕೊನೆಗೆ ಕಣ್ಣುಗುಡ್ಡೆ ವೇಗವಾಗಿ ಆಡುವ ಆರ್‌ಇಎಂ ಎಂಬ ಹಂತ ಬರುತ್ತೆ, ಎದ್ದುಕಾಣುವ ಕನಸುಗಳು ಜಾಸ್ತಿ ಬೀಳುವುದು ಆಗಲೇ. ಬೆಳಗಿನ ಜಾವ ಹತ್ತಿರವಾದ ಹಾಗೆ ಈ ಹಂತ ಉದ್ದವಾಗುತ್ತೆ. ಅದರ ಮಧ್ಯೆ ಎಬ್ಬಿಸಿದರೆ ಕನಸು ಚೆನ್ನಾಗಿ ನೆನಪಿರುತ್ತೆ, ಸರಿ. ಆದರೆ ಈ ನಿದ್ದೆಯನ್ನು ದಿನವೂ ತುಂಡು ಮಾಡಿದರೆ ಮೆದುಳು ಅವಕಾಶ ಸಿಕ್ಕಾಗ ಅದನ್ನು ಇನ್ನೂ ಜೋರಾಗಿ ತೀರಿಸಿಕೊಳ್ಳುತ್ತೆ. ಕನಸು ಇನ್ನೂ ದಟ್ಟವಾಗುತ್ತೆ, ಇನ್ನೂ ನಿಜ ಅನ್ನಿಸುತ್ತೆ. ಅಂದರೆ ಕನಸು ಹಿಡಿಯಲು ಇಟ್ಟ ಅಲಾರಾಮೇ ಕನಸನ್ನು ಬೆಳೆಸುತ್ತಿತ್ತು.

ಹಾಗಾಗಿ ಮೊದಲ ಸಲಹೆ ತುಂಬ ಸಾದಾ: ಅಲಾರಾಂ ಬೇಡ. ಬೆಳಗ್ಗೆ ತಾನಾಗಿ ಎದ್ದಾಗ ನೆನಪಿದ್ದಷ್ಟು ಬರೆಯಿರಿ, ನೆನಪಿಲ್ಲದಿದ್ದರೆ ಬಿಡಿ. ಜೊತೆಗೆ ಒಬ್ಬ ಮನೋವೈದ್ಯರ ಹತ್ತಿರ ಕಳಿಸಿದೆ. ಕೆಲವು ಮಾತ್ರೆಗಳಿಂದ, ಖಿನ್ನತೆಯಿಂದಲೂ ಕನಸು ವಿಪರೀತವಾಗುತ್ತೆ. ಅಪರೂಪಕ್ಕೆ ಮೂರ್ಛೆರೋಗದ ಒಂದು ಬಗೆಯಲ್ಲಿ ‘ಇದೆಲ್ಲ ಮೊದಲೇ ಆಗಿತ್ತು’ ಎಂಬ ಭಾವ ಪದೇ ಪದೇ ಬರುತ್ತೆ. ಇದನ್ನೆಲ್ಲ ವೈದ್ಯರು ನೋಡದೆ ನಾನು ಮಾತಿನಲ್ಲೇ ಮುಂದುವರಿಯುವುದು ತಪ್ಪು. ಅಂಥದ್ದೇನೂ ಇಲ್ಲ ಎಂದ ಮೇಲೆ ನಾವಿಬ್ಬರೂ ನೋಟ್‌ಬುಕ್ ತೆರೆದದ್ದು.

ಪುನರ್ಜನ್ಮ ಇದೆಯೋ ಇಲ್ಲವೋ ಎಂಬ ವಾದಕ್ಕೆ ನಾನು ಇಳಿಯಲಿಲ್ಲ. ಅದು ಅವರ ಮನೆಯ ನಂಬಿಕೆ, ನಮ್ಮಲ್ಲಿ ಎಷ್ಟೋ ಮನೆಗಳ ನಂಬಿಕೆ, ಅದನ್ನು ಅಲ್ಲಗಳೆಯುವುದು ನನ್ನ ಕೆಲಸವೂ ಅಲ್ಲ. ಆದರೆ ಸಮ್ಮೋಹನದಲ್ಲಿ ಬಂದ ‘ನೆನಪು’ಗಳ ಬಗ್ಗೆ ಮಾತ್ರ ಮುಚ್ಚುಮರೆ ಇಲ್ಲದೆ ಹೇಳಿದೆ. 1952ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ವರ್ಜಿನಿಯಾ ಟೈ ಎಂಬ ಗೃಹಿಣಿ ಸಮ್ಮೋಹನದಲ್ಲಿ 19ನೇ ಶತಮಾನದ ಐರ್ಲೆಂಡಿನ ಬ್ರೈಡಿ ಮರ್ಫಿಯಾಗಿ ಮಾತಾಡಿದ್ದರು. ದೇಶವೇ ಬೆರಗಾಯಿತು. ಆಮೇಲೆ ಪತ್ರಿಕೆಯವರು ಹುಡುಕಿದರೆ, ಆಕೆ ಚಿಕ್ಕಂದಿನಲ್ಲಿದ್ದ ಶಿಕಾಗೊದ ಬೀದಿಯಲ್ಲೇ ಐರಿಷ್ ಮೂಲದ ಹೆಂಗಸೊಬ್ಬರು ಇದ್ದರು, ಅವರ ಹೆಸರು ಬ್ರೈಡಿ ಮರ್ಫಿ ಕಾರ್ಕೆಲ್. ವರ್ಜಿನಿಯಾ ಸುಳ್ಳು ಹೇಳಿದರು ಅಂತ ನಾನು ಹೇಳಲ್ಲ. ಕೇಳಿದ್ದು ಉಳಿಯುತ್ತೆ, ಎಲ್ಲಿ ಕೇಳಿದ್ದು ಅನ್ನೋದು ಅಳಿಸಿಹೋಗುತ್ತೆ. 1995ರಲ್ಲಿ ನೆನಪಿನ ಬಗ್ಗೆ ಸಂಶೋಧನೆ ಮಾಡುವ ಎಲಿಜಬೆತ್ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್ರೆಲ್ ಪ್ರಕಟಿಸಿದ ಪ್ರಯೋಗದಲ್ಲಿ 24 ಜನರಿಗೆ ‘ನೀವು ಚಿಕ್ಕವರಿದ್ದಾಗ ಮಾಲ್‌ನಲ್ಲಿ ಕಳೆದುಹೋಗಿದ್ದಿರಿ’ ಎಂದು ನಡೆಯದ ಘಟನೆಯನ್ನು ಹೇಳಲಾಗಿತ್ತು. ಸುಮಾರು ಕಾಲುಭಾಗ ಜನ ಅದು ನೆನಪಿದೆ ಅಂದರು, ಪೂರ್ತಿಯೋ ಸ್ವಲ್ಪವೋ.

ಇನ್ನೊಂದು ವಿಷಯ ವನಜಾಗೆ ಹೆಚ್ಚು ನಾಟಿತು. ಪುನರ್ಜನ್ಮವನ್ನು ಗಂಭೀರವಾಗಿ ತೆಗೆದುಕೊಂಡು, ಭಾರತಕ್ಕೂ ಬಂದು ದಶಕಗಳ ಕಾಲ ಪ್ರಕರಣ ಕಲೆಹಾಕಿದವರು ಅಮೆರಿಕದ ಮನೋವೈದ್ಯ ಇಯಾನ್ ಸ್ಟೀವನ್‌ಸನ್. ನಮ್ಮ ನಿಮ್ಹಾನ್ಸ್‌ನಲ್ಲಿದ್ದ ಸತ್ವಂತ್ ಪಸ್ರೀಚಾ ಕೂಡ ಇದೇ ವಿಷಯದಲ್ಲಿ ಕೆಲಸ ಮಾಡಿದ್ದಾರೆ. ಸ್ಟೀವನ್‌ಸನ್ ಮುಖ್ಯವಾಗಿ ನೋಡಿದ್ದು 2ರಿಂದ 5 ವರ್ಷದ ಮಕ್ಕಳು ಯಾರೂ ಕೇಳದೆ ತಾವಾಗಿ ಆಡಿದ ಮಾತುಗಳನ್ನು. ದೊಡ್ಡವರನ್ನು ಮಲಗಿಸಿ ಸಮ್ಮೋಹನದಿಂದ ಹೊರತೆಗೆದ ಕಥೆಗಳನ್ನು ಅವರೇ ನೆಚ್ಚಿಕೊಳ್ಳಲಿಲ್ಲ. "ಹಾಗಾದ್ರೆ ನನ್ನ ಮೂರನೇ ಪುಸ್ತಕ?" ಎಂದು ಕೇಳಿದರು ವನಜಾ. ಅದನ್ನು ಬದಿಗಿಟ್ಟು ಮೊದಲನೆಯದನ್ನು ಮಾತ್ರ ಓದೋಣ ಅಂದೆ.

ಹಾಗೆ ಓದುವಾಗ ಲಾರಿಯ ಪುಟ ಬಂತು. ಅವರೇ ನಿಲ್ಲಿಸಿದರು. "1890ರಲ್ಲಿ ಲಾರಿ ಎಲ್ಲಿತ್ತು ಮೇಡಂ?" ನಾನು ಏನೂ ಹೇಳಲಿಲ್ಲ. ಲೆಕ್ಕ ನೋಡುವವರು ಅವರು, ತಾಳೆಯಾಗದ್ದು ಅವರ ಕಣ್ಣಿಗೇ ಬಿತ್ತು. ಅದನ್ನು ನಾನು ಮೊದಲೇ ಎತ್ತಿ ತೋರಿಸಿದ್ದರೆ ಅವರು ನೋಟ್‌ಬುಕ್ ಮುಚ್ಚಿ ಎದ್ದುಹೋಗುತ್ತಿದ್ದರೇನೋ.

ಅವರಿಗೆ ಕೊಟ್ಟ ಎರಡನೇ ಕೆಲಸ: ಮನೆಯ ಹಿರಿಯರಲ್ಲಿ ಮಾತಾಡಲು ಇಷ್ಟಪಡುವ ಒಬ್ಬರನ್ನು ಹುಡುಕಿ, ಕನಸು ಹೇಳದೆ, ‘ನಾನು ಚಿಕ್ಕವಳಿದ್ದಾಗ ಎಲ್ಲಿದ್ದೆ?’ ಎಂದಷ್ಟೇ ಕೇಳುವುದು. ಕನಸು ಮೊದಲೇ ಹೇಳಿಬಿಟ್ಟರೆ ಕೇಳಿದವರ ನೆನಪು ಅದಕ್ಕೆ ತಕ್ಕ ಹಾಗೆ ಬಾಗುತ್ತೆ. ಸಾಗರದ ಕಡೆ ಇರುವ ದೊಡ್ಡಮ್ಮನ ಹತ್ತಿರ ಹೋದರು. ವನಜಾಗೆ ಗೊತ್ತಿದ್ದದ್ದು, ರಜೆಗೆ ಅಜ್ಜಿ ಮನೆಗೆ ಹೋಗುತ್ತಿದ್ದೆ ಎಂಬುದಷ್ಟೇ. ದೊಡ್ಡಮ್ಮ ಹೇಳಿದ್ದು ಬೇರೆ. ವನಜಾ ಹುಟ್ಟಿ ಆರು ತಿಂಗಳಿಗೆ ಅಮ್ಮನಿಗೆ ಹುಷಾರು ತಪ್ಪಿತ್ತು, ಅಪ್ಪನಿಗೆ ವರ್ಗದ ಮೇಲೆ ವರ್ಗ. ಮಗುವನ್ನು ಅಜ್ಜಿ ಇಟ್ಟುಕೊಂಡರು. 4 ವರ್ಷ ತುಂಬಿದ ಮೇಲೆ ಶಾಲೆಗೆ ಸೇರಿಸಬೇಕು ಅಂತ ಅಪ್ಪ ಬಂದು ಕರೆದುಕೊಂಡು ಹೋದರು. ಮಗು ಅಜ್ಜಿಯ ಸೆರಗು ಬಿಡಲಿಲ್ಲವಂತೆ. ಆಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಅತ್ತು ರಂಪ ಮಾಡ್ತಾಳೆ ಅಂತ ಎರಡು ವರ್ಷ ಅಜ್ಜಿ ಮನೆಗೂ ಕಳಿಸಲಿಲ್ಲ.

ನೀರು? ಅಜ್ಜಿಯದು ಮುಳುಗಡೆ ಊರು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರದ ಕಡೆಯ ಎಷ್ಟೋ ಹಳ್ಳಿ ನೀರಿನಡಿ ಹೋದವು. ಗದ್ದೆ, ತೋಟ, ದೇವಸ್ಥಾನ ಬಿಟ್ಟು, ಹಂಚು ಬಾಗಿಲು ಬಿಚ್ಚಿಕೊಂಡು ಹೊರಟವರು ಅವರು. ಅಜ್ಜಿ ಆ ಮನೆಯ ಕಥೆಯನ್ನೇ ದಿನವೂ ಹೇಳುತ್ತಿದ್ದರಂತೆ, ಮಗುವಿಗೆ ಊಟ ಮಾಡಿಸುವಾಗ, ಮಲಗಿಸುವಾಗ, ಅಂಗಳದಲ್ಲಿ ಅಡಿಕೆ ಹರಡುವಾಗ. ಇಷ್ಟಾದ ಮೇಲೆ ವನಜಾ ಲಾರಿಯ ವಿಷಯ ಕೇಳಿದರು, ನನ್ನನ್ನು ಲಾರಿಯಲ್ಲಾ ಕರ್ಕೊಂಡು ಹೋಗಿದ್ದು ಅಂತ. "ಇಲ್ಲ ಕಣೇ, ನಿನ್ನ ಕರ್ಕೊಂಡು ಹೋಗಿದ್ದು ಬಸ್ಸಲ್ಲಿ. ಲಾರೀಲಿ ಹಂಚಿನ ರಾಶಿ ಮೇಲೆ ಕೂತು ಬಂದವಳು ನಾನು, ಮುಳುಗಡೇಲಿ, ಏಳು ವರ್ಷದವಳು" ಎಂದರು ದೊಡ್ಡಮ್ಮ.

ಅಂದರೆ ಲಾರಿ ದೊಡ್ಡಮ್ಮನದು, ನೀರು ಅಜ್ಜಿಯದು, ಕೂಗಿದರೂ ದನಿ ಬಾರದ ಆ ಸಂಕಟ ಬಹುಶಃ ವನಜಾರದ್ದೇ. ಬಹುಶಃ ಅಂತ ಬೇಕೆಂದೇ ಬರೆದಿದ್ದೇನೆ. ಮೂರು, ಮೂರೂವರೆ ವರ್ಷಕ್ಕಿಂತ ಮುಂಚಿನದು ದೊಡ್ಡವರಾದ ಮೇಲೆ ನಮಗೆ ಸಾಮಾನ್ಯವಾಗಿ ನೆನಪಿರುವುದಿಲ್ಲ. ಹಳೆಯದನ್ನು ಇದ್ದ ಹಾಗೇ ತೆಗೆದುಕೊಡುವ ಶಕ್ತಿ ಕನಸಿಗೂ ಇಲ್ಲ. ಕನಸು ಇಂಥ ದಿನ ಹೀಗೆ ನಡೆಯಿತು ಎಂದು ಸಾಬೀತು ಮಾಡಲಾರದು. ವನಜಾ ಅಜ್ಜಿ ಮನೆಯಲ್ಲಿ ಬೆಳೆದರು ಎಂದು ನಾವು ಒಪ್ಪಿಕೊಂಡದ್ದು ದೊಡ್ಡಮ್ಮ ಹೇಳಿದ್ದರಿಂದ, ಒಂದು ಹಳೆಯ ಸ್ಟುಡಿಯೋ ಫೋಟೊದಿಂದ, ಚುಚ್ಚುಮದ್ದಿನ ಚೀಟಿಯಲ್ಲಿದ್ದ ಆಸ್ಪತ್ರೆಯ ಊರಿನಿಂದ. ಹಸಿರು ಬಳೆಯ ಕೈ ಯಾರದು ಅಂತ ಈಗಲೂ ಗೊತ್ತಾಗಿಲ್ಲ. ಅಜ್ಜಿ ವಿಧವೆ, ಬಳೆ ತೊಡುತ್ತಿರಲಿಲ್ಲ.

ಈಗಲೇ ಯಾಕೆ ಕನಸು ಶುರುವಾಯಿತು ಎಂಬುದು ನನ್ನನ್ನು ಕಾಡಿದ ಪ್ರಶ್ನೆ. ಮೊದಲ ಪುಟದ ತಾರೀಖು ನೋಡಿದೆವು. ಮಗಳಿಗೆ ನಾಲ್ಕು ತುಂಬಿದ ತಿಂಗಳು. ಶಾಲೆಗೆ ಸೇರಿಸಿದ ವಾರ, ಗೇಟಿನಲ್ಲಿ ಮಗಳು ಕೈಬಿಡದೆ ಅತ್ತಿದ್ದಳು. ತಂದೆತಾಯಿಯರಲ್ಲಿ ಇದನ್ನು ಆಗಾಗ ನೋಡ್ತೀನಿ: ತಮಗೆ ಯಾವ ವಯಸ್ಸಿನಲ್ಲಿ ಪೆಟ್ಟು ಬಿದ್ದಿತ್ತೋ, ಮಗು ಆ ವಯಸ್ಸಿಗೆ ಬಂದಾಗ ಒಳಗೆ ಏನೋ ಕದಡುತ್ತೆ, ಕಾರಣ ತಿಳಿಯುವುದಿಲ್ಲ. ವನಜಾ ಅವತ್ತು ತುಂಬ ಹೊತ್ತು ಅತ್ತರು. "ನಾನು ಹುಡುಕ್ತಾ ಇದ್ದದ್ದು ಅಜ್ಜೀನಾ?" ಎಂದು ಕೇಳಿದರು. ಅಜ್ಜಿ ತೀರಿಕೊಂಡಾಗ ಅವರಿಗೆ ಹತ್ತು ವರ್ಷ, ಪರೀಕ್ಷೆ ಇದೆ ಅಂತ ಕರೆದುಕೊಂಡು ಹೋಗಿರಲಿಲ್ಲ.

ಆಮೇಲಿನ ಕೆಲವು ತಿಂಗಳಲ್ಲಿ ಕೊಟ್ಟ ಸಲಹೆಗಳಲ್ಲಿ ಮುಖ್ಯವಾದವನ್ನು ಹೇಳ್ತೀನಿ. ನೋಟ್‌ಬುಕ್ ಸುಡಬೇಡಿ, ಮುಂದುವರಿಸಿ, ಆದರೆ ಪುಟಕ್ಕೆ ಗೆರೆ ಎಳೆದು ಎಡಕ್ಕೆ ಕಂಡದ್ದು ಮಾತ್ರ, ಬಲಕ್ಕೆ ಅನ್ನಿಸಿದ್ದು ಬರೆಯಿರಿ. ‘ನೀರು ಬಂತು’ ಎಡಕ್ಕೆ, ‘ನಾನು ಮುಳುಗಿ ಸತ್ತವಳು’ ಬಲಕ್ಕೆ. ನೀರಿನ ಕನಸು ಹೆದರಿಸುತ್ತಿದ್ದರಿಂದ ಹಗಲಿನಲ್ಲಿ ಅದರ ಕೊನೆಯನ್ನು ತಮಗೆ ಬೇಕಾದ ಹಾಗೆ ಬದಲಿಸಿ ಬರೆದು, ದಿನಕ್ಕೆ ಹತ್ತು ಹದಿನೈದು ನಿಮಿಷ ಮನಸ್ಸಿನಲ್ಲೇ ನೋಡುವ ಅಭ್ಯಾಸ ಕೊಟ್ಟೆ. ಕೆಟ್ಟ ಕನಸಿಗೆ ಇದು ಚಿಕಿತ್ಸೆಯಲ್ಲಿ ಬಳಕೆಯಲ್ಲಿರುವ ವಿಧಾನ. ವನಜಾ ಬರೆದ ಹೊಸ ಕೊನೆಯಲ್ಲಿ ಅಜ್ಜಿ ಜಗಲಿ ಇಳಿದು ಬಂದು ಪಕ್ಕ ಕೂರುತ್ತಾರೆ. ಕನಸು ನಿಲ್ಲಲಿಲ್ಲ, ಆದರೆ ಬೆವತು ಏಳುವುದು ಕಡಿಮೆಯಾಯಿತು.

ಮನೆ ಹುಡುಕಿಕೊಂಡು ಹೋಗುವ ಆಸೆಗೆ ಬೇಡ ಅನ್ನಲಿಲ್ಲ. ಒಬ್ಬರೇ ಹೋಗಬೇಡಿ, ಸಾಕ್ಷಿ ಹುಡುಕಲು ಹೋಗಬೇಡಿ, ದೊಡ್ಡಮ್ಮನನ್ನು ಕರೆದುಕೊಂಡು ಬೇಸಿಗೆಯಲ್ಲಿ ಹೋಗಿ ಎಂದೆ. ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೇ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿದ್ದು, ನೀರು ತೀರಾ ಇಳಿದ ವರ್ಷ ಅದು ಮೇಲೆ ಕಾಣುತ್ತೆ. ಅಜ್ಜಿಯ ಮನೆ ಕಾಣುತ್ತೆ ಎಂಬ ಭರವಸೆ ಯಾರೂ ಕೊಡಲಾರರು. ದೊಡ್ಡಮ್ಮ ಕೈ ಚಾಚಿ ‘ಅಲ್ಲಿ’ ಅಂದರೆ ಅಷ್ಟು ಸಾಕು ಅಂತ ವನಜಾ ತಾವೇ ಹೇಳಿದರು.

ಗಂಡನನ್ನು ಬೇರೆಯಾಗಿ ಕರೆದು ಹೇಳಿದ್ದು ಎರಡೇ ಮಾತು. ‘ನಾನು ಆಗಲೇ ಹೇಳಿರಲಿಲ್ವಾ’ ಅನ್ನಬೇಡಿ. ಆ ಇನ್ನೊಬ್ಬ ಗಂಡನ ಕಥೆಯಿಂದ ನಿಮಗೆ ನೋವಾಗಿದೆ, ಅದನ್ನು ನುಂಗಿಕೊಳ್ಳದೆ ಅವರಿಗೇ ಹೇಳಿ. ಅಮ್ಮನ ವಿಷಯ ಇನ್ನೂ ಹಾಗೇ ಇದೆ. ಅಮ್ಮ "ಆಗ ನನ್ನ ಕೈಲಿ ಆಗ್ಲಿಲ್ಲ" ಎಂದು ಒಂದೇ ಮಾತು ಹೇಳಿ ಎದ್ದುಹೋದರಂತೆ. ಅವರೂ ಮಗುವನ್ನು ಬಿಟ್ಟು ಇದ್ದವರು, ಒತ್ತಾಯ ಬೇಡ ಅಂದಿದ್ದೇನೆ. ಮಗಳನ್ನು ಶಾಲೆಗೆ ಬಿಡುವಾಗ ಸದ್ದಿಲ್ಲದೆ ಜಾರಿಕೊಳ್ಳದೆ, ಹೋಗ್ತೀನಿ, ಊಟ ಆದ ಮೇಲೆ ಬರ್ತೀನಿ ಎಂದು ಹೇಳಿ ಹೊರಡುವುದನ್ನು ವನಜಾ ರೂಢಿ ಮಾಡಿಕೊಂಡಿದ್ದಾರೆ. ಅತ್ತರೂ ಸರಿ, ಹೇಳಿಯೇ ಹೊರಡಬೇಕು.

ಇದನ್ನು ಓದುವ ನಿಮಗೂ ಇಂಥ ಕನಸುಗಳಿದ್ದರೆ ಸುಮ್ನೆ ಗಾಬರಿ ಬೇಡ, ಕನಸು ಬರೆದಿಡುವುದು ಕಾಯಿಲೆ ಅಲ್ಲ. ಆದರೆ ಎಚ್ಚರವಿದ್ದಾಗಲೂ ಆ ದನಿ ಕೇಳಿಸಿದರೆ, ಬದುಕು ಬೇಡ ಎಂದು ಅನ್ನಿಸಿದರೆ, ಈಗಿನ ಮನೆಯವರು ತನ್ನವರಲ್ಲ ಎಂಬ ಭಾವ ಗಟ್ಟಿಯಾಗುತ್ತಿದ್ದರೆ ತಡಮಾಡದೆ ಮನೋವೈದ್ಯರನ್ನು ನೋಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ನಂಬರ್ 14416, ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕರೆ ಮಾಡಿದಾಗ ಕನಸಿನ ಅರ್ಥ ಕೇಳುವ ಮೊದಲು, ರಾತ್ರಿ ಎಷ್ಟು ಗಂಟೆ ನಿದ್ದೆ ಬರ್ತಿದೆ ಎಂದು ಹೇಳಿ.