ಗರ್ಭದ ಮಗುವಿಗೂ ಶಾಲೆಯ ಹುಡುಗನಿಗೂ ಎಷ್ಟು ಬೆಳಕು ಬೇಕು?

ಮಾನ್ಯರೇ,

ಅಮೆರಿಕದ ಸಿನ್ಸಿನಾಟಿ ಮಕ್ಕಳ ಆಸ್ಪತ್ರೆಯ ದೃಷ್ಟಿವಿಜ್ಞಾನಿ ರಿಚರ್ಡ್ ಲ್ಯಾಂಗ್ ಅವರ, ಗರ್ಭದಲ್ಲಿರುವಾಗಲೇ ಇಲಿಮರಿಯ ಕಣ್ಣಿನ ಬೆಳವಣಿಗೆಗೆ ಬೆಳಕು ಬೇಕೆನ್ನುವ ಸಂಶೋಧನೆಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ಶಿಡ್ಲಘಟ್ಟದಿಂದ ನೀವು ಬರೆದ ಪತ್ರ ತಲುಪಿದೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿರುವ ನಿಮ್ಮ ಮಗಳು ಹಗಲೆಲ್ಲ ರೇಷ್ಮೆ ಹುಳುಮನೆಯ ಪಕ್ಕದ ಮಬ್ಬು ಕೋಣೆಯಲ್ಲೇ ಇರುತ್ತಾರೆಂದೂ ಇದರಿಂದ ಮಗುವಿನ ಕಣ್ಣು ಕೆಡುವುದೇ, ಹೊಟ್ಟೆಗೆ ದೀಪದ ಬೆಳಕು ಕೊಡಬೇಕೇ ಎಂದೂ ಕೇಳಿದ್ದೀರಿ. ಐದನೇ ತರಗತಿಗೇ ಕನ್ನಡಕ ಬಂದಿರುವ ಮೊಮ್ಮಗನ ಓದುವ ಮೇಜಿಗೆ ಹೆಚ್ಚು ವ್ಯಾಟಿನ ಎಲ್‌ಇಡಿ ಹಾಕಿಸಿದರೆ ಸಾಕೇ ಎಂಬುದು ನಿಮ್ಮ ಎರಡನೆಯ ಪ್ರಶ್ನೆ.

ದೀಪ ಬೇಡ. 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಲ್ಯಾಂಗ್ ಮತ್ತು ಸಂಗಡಿಗರು ಪ್ರಕಟಿಸಿದ್ದು ಇಲಿಗಳ ಮೇಲಿನ ಪ್ರಯೋಗ. ಗಬ್ಬದ ಇಲಿಗಳನ್ನು ಕೊನೆಯ ದಿನಗಳಲ್ಲಿ ಪೂರ್ತಿ ಕತ್ತಲಲ್ಲಿ ಇಟ್ಟಾಗ, ಮರಿಗಳ ಕಣ್ಣಿನೊಳಗೆ ಹುಟ್ಟಿದ ಮೇಲೆ ಕರಗಿಹೋಗಬೇಕಿದ್ದ ತಾತ್ಕಾಲಿಕ ರಕ್ತನಾಳಗಳು ಹಾಗೆಯೇ ಉಳಿದವು. ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ಅಕ್ಷಿಪಟಲದಲ್ಲಿ (ರೆಟಿನಾ) ನಾಳಗಳು ಮಿತಿಮೀರಿ ಬೆಳೆದವು. ತಾಯಿಯ ತೆಳುವಾದ ಹೊಟ್ಟೆಯ ಗೋಡೆಯನ್ನು ದಾಟಿಬಂದ ಬೆಳಕನ್ನು ಮರಿಯ ಅಕ್ಷಿಪಟಲದಲ್ಲಿರುವ ಮೆಲನಾಪ್ಸಿನ್ ಎಂಬ ಪ್ರೋಟೀನು ಗ್ರಹಿಸುತ್ತದೆ ಎಂದು ಅವರು ತೋರಿಸಿದರು. ಇಲಿಮರಿ ಕಣ್ಣು ತೆರೆಯುವುದೇ ಹುಟ್ಟಿದ ಸುಮಾರು 2 ವಾರಗಳ ನಂತರ. ನೋಡುವ ಶಕ್ತಿ ಬರುವ ಎಷ್ಟೋ ಮೊದಲೇ ಕಣ್ಣು ಬೆಳಕಿನಿಂದ ತನ್ನನ್ನು ಕಟ್ಟಿಕೊಳ್ಳಲು ತೊಡಗುತ್ತದೆ ಎಂಬ ಈ ಸಂಗತಿ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಆದರೆ ಇಲಿಯಲ್ಲಿ ಹುಟ್ಟಿದ ನಂತರ ಕರಗುವ ಆ ನಾಳಗಳು ಮನುಷ್ಯರಲ್ಲಿ ಸಾಮಾನ್ಯವಾಗಿ ಗರ್ಭದಲ್ಲೇ ಕರಗುತ್ತವೆ; ನಮ್ಮ ಹೆಂಗಸರ ಹೊಟ್ಟೆಯ ಪದರವೂ ಇಲಿಯದಕ್ಕಿಂತ ಬಹಳ ದಪ್ಪ. ಮಬ್ಬು ಕೋಣೆಯೆಂದರೆ ಪ್ರಯೋಗಾಲಯದ ಕಗ್ಗತ್ತಲೂ ಅಲ್ಲ. ನಿಮ್ಮ ಮಗಳು ಬೆಳಗ್ಗೆ ಸಂಜೆ ಅಂಗಳದಲ್ಲಿ ಓಡಾಡಲಿ. ಅದು ಅವರ ಆರೋಗ್ಯಕ್ಕೇ ಒಳ್ಳೆಯದು.

ಹೆರಿಗೆ ಅವಧಿಗೆ ಮೊದಲೇ ಆದರೆ ಮಾತ್ರ ಒಂದು ವಿಷಯವನ್ನು ಮರೆಯಬೇಡಿ. 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕೆಜಿಗಿಂತ ಕಡಿಮೆ ತೂಕದ ಶಿಶುಗಳಲ್ಲಿ ಅಕ್ಷಿಪಟಲದ ನಾಳಗಳು ಅಡ್ಡಾದಿಡ್ಡಿ ಬೆಳೆದು ದೃಷ್ಟಿಯನ್ನೇ ಕಸಿಯಬಲ್ಲ ಆರ್‌ಒಪಿ (ರೆಟಿನೋಪತಿ ಆಫ್ ಪ್ರಿಮೆಚ್ಯುರಿಟಿ) ಎಂಬ ತೊಂದರೆ ಕಾಣಿಸಿಕೊಳ್ಳಬಹುದು. ಆಸ್ಪತ್ರೆಯ ಬೆಳಕೇ ಇದಕ್ಕೆ ಕಾರಣವಿರಬಹುದೆಂಬ ಹಳೆಯ ಶಂಕೆಯನ್ನು, ಅಂಥ ಶಿಶುಗಳ ಕಣ್ಣಿಗೆ ಬೆಳಕು ತಡೆಯುವ ಕನ್ನಡಕ ಹಾಕಿ ಅಮೆರಿಕದಲ್ಲಿ ಪರೀಕ್ಷಿಸಿದರು. ಬೆಳಕು ತಗ್ಗಿಸಿದ್ದರಿಂದ ರೋಗ ಕಡಿಮೆಯಾಗಲಿಲ್ಲವೆಂದು 1998ರಲ್ಲಿ ವರದಿಯಾಯಿತು. ಇಲ್ಲಿ ಮಗುವನ್ನು ಕಾಯುವುದು ಹುಟ್ಟಿದ 30 ದಿನಗಳೊಳಗೆ ಆಗುವ ಕಣ್ಣಿನ ತಪಾಸಣೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ‘ಕಿಡ್‌ರಾಪ್’ ಯೋಜನೆಯಲ್ಲಿ ತಂತ್ರಜ್ಞರು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೇ ಕ್ಯಾಮೆರಾ ಒಯ್ದು, ಚಿತ್ರಗಳನ್ನು ತಜ್ಞರಿಗೆ ಕಳುಹಿಸುತ್ತಾರೆ. ಅಂಥ ಸಂದರ್ಭ ಬಂದರೆ ಮಕ್ಕಳ ವೈದ್ಯರನ್ನು ನೀವೇ ಕೇಳಿ, ತಪಾಸಣೆ ಮಾಡಿಸಲೇಬೇಕು.

ಮೊಮ್ಮಗನ ವಿಷಯಕ್ಕೆ ಇಲಿಗಳನ್ನು ನೆಚ್ಚಬೇಕಿಲ್ಲ, ಮಕ್ಕಳ ಮೇಲಿನ ಪುರಾವೆಯೇ ಇದೆ. ಚೀನಾದ ಗ್ವಾಂಗ್‌ಝೌ ನಗರದ 12 ಶಾಲೆಗಳ ಒಂದನೇ ತರಗತಿಯ ಮಕ್ಕಳನ್ನು ಮೂರು ವರ್ಷ ಗಮನಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಕಳೆದ ಮಕ್ಕಳಲ್ಲಿ 30.4 ಶೇಕಡಾ ಮಂದಿಗೆ ಸಮೀಪದೃಷ್ಟಿ (ದೂರದ್ದು ಮಬ್ಬಾಗಿ ಕಾಣುವ ತೊಂದರೆ) ಬಂದರೆ, ಉಳಿದ ಶಾಲೆಗಳಲ್ಲಿ ಅದು 39.5 ಶೇಕಡಾ ಇತ್ತು. ತರಗತಿಯ ಕೋಣೆಯಲ್ಲಿ ಸಾಮಾನ್ಯವಾಗಿ ಕೆಲವೇ ನೂರು ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ) ಬೆಳಕಿದ್ದರೆ, ಬಯಲಿನಲ್ಲಿ ಅದು ಹತ್ತು ಸಾವಿರವನ್ನು ಸುಲಭವಾಗಿ ಮೀರುತ್ತದೆ. ಪ್ರಖರ ಬೆಳಕಿನಲ್ಲಿ ಅಕ್ಷಿಪಟಲ ಡೋಪಮೈನ್ ಎಂಬ ರಾಸಾಯನಿಕವನ್ನು ಹೆಚ್ಚು ಸ್ರವಿಸಿ, ಸಮೀಪದೃಷ್ಟಿಗೆ ಕಾರಣವಾಗುವಂತೆ ಕಣ್ಣುಗುಡ್ಡೆ ಅಗತ್ಯಕ್ಕಿಂತ ಉದ್ದವಾಗಿ ಬೆಳೆಯುವುದನ್ನು ತಡೆಯುತ್ತದೆ ಎಂಬುದು ಬಹುಪಾಲು ತಜ್ಞರು ಒಪ್ಪುವ ವಿವರಣೆ. ಮೇಜಿನ ಎಲ್‌ಇಡಿ ಓದಲು ಅನುಕೂಲವಾದೀತೇ ಹೊರತು ಆ ಬೆಳಕಿನ ಸಮಕ್ಕೆ ಬರಲಾರದು.

ಬಯಲಿನ ಬೆಳಕು ಸಮೀಪದೃಷ್ಟಿ ಬಾರದಂತೆ ತಡೆಯುವುದರಲ್ಲಿ ಹೆಚ್ಚು ಸಮರ್ಥ. ಈಗಾಗಲೇ ಬಂದ ನಂಬರನ್ನು ಅದು ಇಳಿಸುವುದಿಲ್ಲ. ಆದ್ದರಿಂದ ಅವನು ಕನ್ನಡಕವನ್ನು ತಪ್ಪದೆ ಹಾಕಲಿ, ವರ್ಷಕ್ಕೊಮ್ಮೆಯಾದರೂ ಪರೀಕ್ಷೆಯಾಗಲಿ. ಆಟದ ಪೀರಿಯಡ್ಡನ್ನು ಶಾಲೆಯಲ್ಲಿ ಗಣಿತಕ್ಕೆ ಬಿಟ್ಟುಕೊಡುತ್ತಿದ್ದಾರೆಂದು ನೀವು ಪತ್ರದ ಕೊನೆಯಲ್ಲಿ ನೊಂದು ಬರೆದಿದ್ದೀರಿ. ಅದೇ ಶಾಲೆಯ ಒಂದನೇ ತರಗತಿಯಲ್ಲಿರುವ ಅವನ ತಂಗಿಗೆ ಇನ್ನೂ ಕನ್ನಡಕ ಬಂದಿಲ್ಲವಾದ್ದರಿಂದ, ಮುಂದಿನ ಪೋಷಕರ ಸಭೆಯಲ್ಲಿ ಗ್ವಾಂಗ್‌ಝೌ ಮಕ್ಕಳ ಆ ಎರಡು ಅಂಕಿಗಳನ್ನು ಮುಖ್ಯೋಪಾಧ್ಯಾಯರ ಮುಂದಿಟ್ಟು ಆ ಪೀರಿಯಡ್ಡನ್ನು ಮರಳಿ ಕೇಳಿ.

– ಸಂಪಾದಕ