ಚಂಡೀಗಢದ ಕುರ್ಚಿ, ಮಲೆನಾಡಿನ ಮಳೆ

ಪ್ರಶ್ನೆ: ಜಗಲಿಗೆ ನಾಲ್ಕು ‘ಚಂಡೀಗಢ ಕುರ್ಚಿ’ ಮಾಡಿಸಬೇಕು. ತೇಗ ದುಬಾರಿ, ತೋಟದ ಸಿಲ್ವರ್ ಓಕ್ ಹಲಗೆ ಮನೆಯಲ್ಲೇ ಇದೆ, ಅದರಲ್ಲೇ ಆಗುತ್ತದೆ ಅನ್ನುತ್ತಾರೆ ನಮ್ಮ ಆಚಾರ್ರು. ಆಗುತ್ತದೆಯೇ? ಅಷ್ಟಕ್ಕೂ ಹಳೇ ಕಚೇರಿ ಕುರ್ಚಿಯ ಮೇಲೆ ಜನಕ್ಕೆ ಇಷ್ಟೇಕೆ ಮೋಹ?
– ಓದುಗರು, ಮೂಡಿಗೆರೆ

ಉತ್ತರ: ಮೋಹದ ಮಾತು ಮೊದಲು ಮುಗಿಸೋಣ. ಚಂಡೀಗಢದ ನಕ್ಷೆ ಹಾಕಿದ ವಾಸ್ತುಶಿಲ್ಪಿ ಲ ಕಾರ್ಬೂಸಿಯೆಯ ದಾಯಾದಿ ಪಿಯರ್ ಜಾನ್ನೆರೆ 1951ರಲ್ಲಿ ಚಂಡೀಗಢ ಕಟ್ಟಲು ಬಂದವರು, 1965ರವರೆಗೂ ಅಲ್ಲೇ ಉಳಿದರು. ಕಚೇರಿಗಳಿಗೆ ಬೇಕಾದ ಕುರ್ಚಿಯನ್ನು ಅಲ್ಲಿನ ಬಡಗಿಗಳ ಕೈಗೆ ಎಟುಕುವಂತೆ ತೇಗ, ಬೆತ್ತ ಎರಡರಲ್ಲೇ ರೂಪಿಸಿದರು. ಕೈವಾರದ ಹಾಗೆ ಕಾಲಗಲಿಸಿ ನಿಂತ ಕಾಲು, ಅದರ ನೆತ್ತಿಯ ಮೇಲೆ ಕೈಯೊರಗು. ಬಾಗಿಸಿದ ಕಬ್ಬಿಣವಿಲ್ಲ, ಅಚ್ಚಿನ ಭಾಗವಿಲ್ಲ. ಬೆತ್ತ ಹರಿದರೆ ಹೊಸದಾಗಿ ಹೆಣೆಸಬಹುದು, ಕಾಲು ಮುರಿದರೆ ಊರಿನ ಆಚಾರ್ರೇ ಇನ್ನೊಂದು ಕೂಡಿಸುತ್ತಾರೆ. ಅದು ಬಾಳಿದ್ದು ಇದರಿಂದ. ಹಳೇ ಕುರ್ಚಿಗಳಿಗೆ ಹರಾಜಿನಲ್ಲಿ ಸಿಗುವ ದುಬಾರಿ ಬೆಲೆ ಆಮೇಲೆ ಬಂದದ್ದು.

ಇನ್ನು ಮರ. ಸಿಲ್ವರ್ ಓಕ್ ಹಗುರ, ಕೆತ್ತಲು ಸಲೀಸು, ಆದರೆ ಕುಟ್ಟೆ ಹುಳುವಿಗೆ ಬಲು ಇಷ್ಟ. ಲೀಟರ್ ನೀರಿಗೆ 30 ಗ್ರಾಂ ಬೋರಾಕ್ಸ್, 20 ಗ್ರಾಂ ಬೋರಿಕ್ ಆಸಿಡ್ ಕರಗಿಸಿ ಹಲಗೆ ನೆನೆಸಿದರೆ ಹುಳು ತಡೆಯಬಹುದು. ಆದರೆ ಆ ಔಷಧ ಮಳೆನೀರಿಗೆ ತೊಳೆದುಹೋಗುತ್ತದೆ. ಹಾಗಾಗಿ ಎರಚಲು ಹೊಡೆಯುವ ಜಗಲಿಗೆ ಬೇಡ, ನಡುಮನೆಗಾದರೆ ಸರಿ. ಜಗಲಿಗೇ ಬೇಕೆಂದರೆ ಎರಡೇ ಕುರ್ಚಿಯಾದರೂ ತೇಗದಲ್ಲೇ ಮಾಡಿಸಿ.

ಯಾವ ಮರವಾದರೂ ತೇವಾಂಶ ಶೇ 12ರ ಆಸುಪಾಸಿಗೆ ಇಳಿದಿರಲಿ. ಜೂನ್‌ನಲ್ಲಿ ಕೊಯ್ಸಿ ಜುಲೈನಲ್ಲಿ ಕೂಡಿಸಿದ ಕುರ್ಚಿ ಬೇಸಿಗೆಗೆ ಕುಗ್ಗಿ ಕಿರುಗುಟ್ಟುತ್ತದೆ. ಕಾಲಿಗೆ ಮರದ ಎಳೆ ಉದ್ದಕ್ಕೂ ನೇರ ಓಡಿದ ತುಂಡೇ ಬೇಕು. ಓರೆ ಎಳೆಯದ್ದು ಎರಡು ಕಾಲು ಸೇರುವ ನೆತ್ತಿಯಲ್ಲೇ ಸೀಳುತ್ತದೆ, ಹಿಂದಕ್ಕೆ ಒರಗಿದಾಗ ಭಾರವೆಲ್ಲ ಅಲ್ಲಿಗೇ ಬೀಳುವುದರಿಂದ.

ಪ್ರಶ್ನೆ: ಮಳೆಗಾಲ ಕಳೆದಾಗಿನಿಂದ ಬೆತ್ತದ ಸೀಟು ಜೋಲುಬಿದ್ದಿದೆ. ವಾರ್ನಿಷ್ ಹೊಡೆದರೆ ಬಿಗಿಯುತ್ತದೆಯೇ?
– ಓದುಗರು, ಸಕಲೇಶಪುರ

ಉತ್ತರ: ವಾರ್ನಿಷ್ ಬೇಡವೇ ಬೇಡ. ಬೆತ್ತ ನೀರು ಕುಡಿದು ಹಿಗ್ಗಿ, ಒಣಗಿ ಕುಗ್ಗುವ ವಸ್ತು. ಆ ಗುಣವೇ ನಿಮ್ಮ ಮದ್ದು. ಕುರ್ಚಿ ಬೋರಲು ಹಾಕಿ, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸೀಟಿನ ಅಡಿಮೈಗೆ ಅರ್ಧ ಗಂಟೆ ಹೊದಿಸಿ. ಮೇಲ್ಮೈಯ ಹೊಳಪು ನೀರನ್ನು ಒಳಗೆ ಬಿಡುವುದಿಲ್ಲ, ಅದಕ್ಕೇ ಅಡಿಯಿಂದ. ನೆರಳಲ್ಲಿ ಒಂದು ದಿನ ಒಣಗಲಿ, ಅಲ್ಲಿಯವರೆಗೆ ಯಾರೂ ಕೂರಬಾರದು. ಒಲೆಯ ಅಟ್ಟದ ಹತ್ತಿರ ಇಟ್ಟರೆ ಎಳೆ ಪೆಡಸಾಗಿ ಚಟ್ಟೆಂದು ಮುರಿಯುತ್ತದೆ. ಎಳೆಗಳೇ ತುಂಡಾಗಿದ್ದರೆ ಇದು ಫಲಿಸದು, ಹೊಸದಾಗಿ ಹೆಣೆಸಬೇಕು. 2.5 ಮಿಲಿಮೀಟರ್ ಎಳೆಗೆ ಚೌಕಟ್ಟಿನಲ್ಲಿ ತೂತಿಂದ ತೂತಿಗೆ ಸುಮಾರು 5/8 ಅಂಗುಲ ಅಂತರ ಸರಿ. ಎಳೆಯನ್ನು ನೆನೆಸಿಯೇ ಹೆಣೆಯಬೇಕು, ಆದರೆ ತಂತಿಯಂತೆ ಬಿಗಿದು ಎಳೆಯಬಾರದು. ಒಣಗುವಾಗ ತಾನೇ ಬಿಗಿಯುತ್ತದೆ.

ಪ್ರಶ್ನೆ: ಹಳೇ ಚಂಡೀಗಢ ಕುರ್ಚಿ ಎಂದು ಮಾರುವುದರ ಬೆನ್ನಿನ ಮೇಲೆ ಕಚೇರಿ ನಂಬರ್ ಬರೆದಿದ್ದರೆ ಅದು ಅಸಲಿಯೇ?
– ಓದುಗರು, ಹಾಸನ

ಉತ್ತರ: ಬಣ್ಣದ ಡಬ್ಬಿ ಯಾರ ಬಳಿಯೂ ಇರುತ್ತದೆ. ತಿರುಗಿಸಿ ಅಡಿ ನೋಡಿ: ಹಳೆಯದಾದರೆ ತೂತಿನ ಅಂಚು ಬೆತ್ತ ಉಜ್ಜಿ ನುಣ್ಣಗಾಗಿರುತ್ತದೆ, ಕಾಲಿನ ತುದಿ ನೆಲ ಒರೆಸಿದ ನೀರಿಗೆ ಕಪ್ಪಾಗಿರುತ್ತದೆ.